ಗಾಳಿ ಲೆಕ್ಕ

ಡ್ರಮ್ಮು ಬಿಚ್ಚಿದಾಗ ನೀಲಿ ಇತ್ತು.
ಕಬ್ಬಿಣ ಸುಮ್ಮಸುಮ್ಮನೆ ನೀಲಿಯಾಗುವುದಿಲ್ಲ.
ಮುಳಬಾಗಿಲು ಬೈಪಾಸಿನ ಈ ತಗಡಿನ ಶೆಡ್ಡಿನಲ್ಲಿ
ಮೂವತ್ತೊಂದು ವರ್ಷದಿಂದ ಲೈನರಿಗೆ ರಿವೆಟ್ ಹೊಡೆಯುತ್ತಿದ್ದೇನೆ.
ಸುಟ್ಟ ಲೈನರಿನ ವಾಸನೆ ಅಂಗಿಗೆ ಹತ್ತಿದರೆ
ಎರಡು ಒಗೆತಕ್ಕೂ ಬಿಡುವುದಿಲ್ಲ.
ಮನೆಯಾಕೆ ಮೂಗಲ್ಲೇ ಕೇಳುತ್ತಾಳೆ: ಇವತ್ತು ಯಾರದು?

ಇವತ್ತು ಸೊಣ್ಣಪ್ಪನದು.

ಮೊಗಿಲಿ ಘಾಟಿನಿಂದ ಕ್ರೇನಿಗೆ ನೇತುಬಿದ್ದು ಬಂದ ಗಾಡಿ.
ಎಡಗೆನ್ನೆ ಉದ್ದಕ್ಕೂ ಬೆಟ್ಟ ಉಜ್ಜಿ
ಬರೆಸಿದ್ದ ಕೋಲಾರಮ್ಮನಲ್ಲಿ
ಕೋಲಾ ಮಾತ್ರ ಉಳಿದಿತ್ತು.

ಸೊಣ್ಣಪ್ಪ ಬಾಯಿ ತೆರೆದ. ದನಿ ಬರಲಿಲ್ಲ.
ಗಾಳಿ ಬಂತು, ಒಡೆದ ಹೋಸಿನ ಹಾಗೆ.

ನೆಲಕ್ಕೆ ಕೂತ.
ನನ್ನ ಡಬ್ಬಿಯಿಂದ ಒಂದು ನಟ್ಟು ತೆಗೆದಿಟ್ಟ: ಇದು ಗಾಡಿ.
ಸ್ಪ್ಯಾನರು ಓರೆಯಾಗಿ ಆನಿಸಿದ: ಇದು ಇಳಿಜಾರು.
ಏಳು ಬೆರಳು: ಏಳುನೂರು ಬಾಕ್ಸು ಟೊಮ್ಯಾಟೊ.
ಆಮೇಲೆ ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ
ಬರಿಗಾಳಿಯಲ್ಲಿ ಒಂದು ಕೀ ತಿರುಗಿಸಿದ.
ಎಡಕ್ಕೆ.

ಅಷ್ಟು ಸಾಕಿತ್ತು ನನಗೆ.
ಎಂಜಿನ್ ಆರಿಸಿ, ನ್ಯೂಟ್ರಲ್ಲಿಗೆ ತಳ್ಳಿ
ಇಳಿಜಾರಿನ ಬಿಟ್ಟಿ ಓಟಕ್ಕೆ ಬಿಟ್ಟಿದ್ದಾನೆ.
ಓನರು ಡೀಸೆಲ್ಲು ಅಳೆದು ಕೊಡುತ್ತಾನೆ, ಉಳಿದದ್ದು ಡ್ರೈವರಿಗೆ.
ಒಂದು ಘಾಟಿಗೆ ಒಂದು ಲೀಟರು ಅಂದರೆ
ಇಬ್ಬರ ಊಟದಲ್ಲಿ ಮುಕ್ಕಾಲು.
ಆದರೆ ಎಂಜಿನ್ನು ಮಲಗಿದ ಮೇಲೆ ಗಾಳಿ ತುಂಬುವವರು ಯಾರು?
ತುಳಿದಷ್ಟೂ ಖರ್ಚು,
ಮುಳ್ಳು ಎಂಟು, ಆರು, ಮೂರು,
ಮೂರನೇ ತಿರುವಲ್ಲಿ ಪೆಡಲು
ತುಳಿದರೆ ತುಳಿಸಿಕೊಂಡಿತು, ಅಷ್ಟೇ.
ಗೇರಿಗೆ ಕೈ ಹಾಕಿದರೆ ಹಲ್ಲು ಕಡಿಯಿತು.
ಹಾರನ್ನು ಒತ್ತಿದ.
ಹಾರನ್ನಿಗೂ ಅದೇ ಗಾಳಿ.

ಇಷ್ಟು ವರ್ಷದಲ್ಲಿ ನನಗಿದು ಹೊಳೆದಿರಲಿಲ್ಲ.
ನಿಲ್ಲುವುದಕ್ಕೂ ಕೂಗುವುದಕ್ಕೂ ಒಂದೇ ಟ್ಯಾಂಕು.

ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಾಗಿ
ಹದಿನಾರು ಟನ್ನಿನ ಹಾರನ್ನು ಗಂಟಲಲ್ಲಿ ಊದಿದ್ದಾನೆ.
ತಪ್ಪುಕೋಂಡ್ರಾ! ತಪ್ಪುಕೋಂಡ್ರಾ!
ಆಂಧ್ರದ ನೆಲ ನೋಡಿ, ತೆಲುಗಿನಲ್ಲೇ.
ಹಾಲಿನ ಕ್ಯಾನಿನ ಬೈಕು ಸರಿಯಿತು,
(ಇಲ್ಲಿ ಎರಡು ಬೆರಳ ಕೊಂಬು) ಮೇಕೆ ಸರಿದವು,
ವಾದ್ಯದವರ ಟೆಂಪೋ ಒಂದು ಕೂದಲೆಳೆ.
ಬೆಟ್ಟಕ್ಕೆ ಕೆನ್ನೆ ಕೊಟ್ಟು ಕೊಟ್ಟು
ರಸ್ತೆ ಕೆಲಸದವರ ಜಲ್ಲಿ ರಾಶಿಗೆ ಮೂಗು ತೂರಿಸಿ
ನಟ್ಟು ನಿಂತಿತು.

ಕ್ಲೀನರ್ ಹುಡುಗ ಚಲಪತಿ
ಟಿಫನ್ ಕ್ಯಾರಿಯರು ತೊಡೆ ನಡುವೆ ಅವುಚಿ ಕಣ್ಣು ಮುಚ್ಚಿದ್ದನಂತೆ.
ಸಾರು ಚೆಲ್ಲಿರಲಿಲ್ಲ.

ನಾಲ್ಕನೇ ದಿನ ಗಂಟಲು ಬಂತು, ಓನರು ಬೈರಾರೆಡ್ಡಿಯೂ ಬಂದರು.
ಸೊಣ್ಣಪ್ಪ ಮೊದಲಿಂದ ಹೇಳಿದ.
ತಿರುವು ಬಂತು, ಮೇಕೆ ಬಂದವು, ಜಲ್ಲಿ ಬಂತು.
ಕೀ ಬರಲಿಲ್ಲ.
ಮೂರನೇ ಗೇರಲ್ಲೇ ಇದ್ದೆ ಸಾಮಿ, ಕೋಲಾರಮ್ಮನಾಣೆ.
ಅವಳು ಹೇಗೂ ಅಳಿಸಿಹೋಗಿದ್ದಳು.
ಚಲಪತಿಯನ್ನು ಕೇಳಿದರು.
ಕಣ್ಣು ಮುಚ್ಚಿದ್ದೆ, ಅಂದ.
ಇನಾಯತ್, ನೀನು ಹೇಳಪ್ಪಾ, ಅಂದರು.

ಡ್ರಮ್ಮು ನನ್ನ ಕೈಯಲ್ಲೇ ಇತ್ತು, ನೀಲಿ.
ಲೈನರು ಸವೆದು ರಿವೆಟ್ಟಿಗೆ ಬಂದಿತ್ತು ಸಾರ್,
ಯುಗಾದಿಗೇ ಹೇಳಿದ್ದೆ, ದೀಪಾವಳಿಗೆ ನೋಡೋಣ ಅಂದ್ರಿ.
ಅದೂ ಸುಳ್ಳಲ್ಲ.
ಬೈರಾರೆಡ್ಡಿ ಮೊಬೈಲು ನೋಡಿಕೊಂಡರು.
ಸೊಣ್ಣಪ್ಪ ನನ್ನನ್ನು ನೋಡಲಿಲ್ಲ,
ಡಬ್ಬಿಯಲ್ಲಿ ಆ ನಟ್ಟು ಹುಡುಕುವವನ ಹಾಗೆ ಬಗ್ಗಿದ.

ರಾತ್ರಿ ಶೆಡ್ಡು ಮುಚ್ಚಿ ಟಿವಿಎಸ್ ಹತ್ತಿದೆ.
ದರ್ಗಾ ಕಡೆಯ ದಿಣ್ಣೆಯಿಂದ ಮನೆತನಕ ಇಳಿಜಾರು.
ಮುಂದಿನ ಬ್ರೇಕು ಹಿಡಿಯುವುದಿಲ್ಲ, ಹಿಂದಿನದು ಮಾತಿಗೆ.
ಊರ ಲಾರಿಗೆಲ್ಲ ಲೈನರು ಕಟ್ಟುವವನ
ಎಡ ಚಪ್ಪಲಿಯ ಹಿಮ್ಮಡಿ ನೋಡಿ, ಕಾಗದದಷ್ಟಿದೆ.
ದಿಣ್ಣೆಯ ನೆತ್ತಿಯಲ್ಲಿ, ಪೆಟ್ರೋಲು ಉಳಿಯಲಿ ಅಂತ,
ದಿನದ ಹಾಗೆ ಕೈ ತಾನಾಗಿ ಕೀಗೆ ಹೋಯಿತು.
ಒಂದು ಗಳಿಗೆ ನಿಂತಿತು.
ತಿರುಗಿಸಿದೆ.

ಸದ್ದಿಲ್ಲದೆ ಗಾಡಿ ಇಳಿಯತೊಡಗಿತು.
ರಸ್ತೆಯಲ್ಲಿ ಯಾರೂ ಇಲ್ಲ, ದೂರದಲ್ಲೊಂದು ನಾಯಿ.
ಆದರೂ ಒಮ್ಮೆ ಕೂಗಿದೆ,
ದನಿ ಇದೆಯೋ ಇಲ್ಲವೋ ನೋಡಿಕೊಳ್ಳಲು.